ರೊಟ್ಟಿ ಬಡಿಯುತ್ತ ಆಡಿದ ಮಾತು

ನಮ್ಮ ಮನೆಗೆ ಟೆಲಿವಿಷನ್ ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ನಾನು ಟೆಲಿವಿಷನ್ನಿನಲ್ಲಿ ಬಂದುಹೋಗಿದ್ದೆ. ಹೀಗೆ ಹೇಳಿದರೆ ಮೊಮ್ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿ ನಗುತ್ತಾರೆ. ನಗಲಿ ಪಾಪ. ನಡೆದದ್ದು ನಡೆದದ್ದೇ. ಅರವತ್ತರ ದಶಕದ ನಡುವಿನ ಮಾತು ಇದು, ಹುಬ್ಬಳ್ಳಿಯಲ್ಲಿ ಒಬ್ಬರ ಮನೆಯಲ್ಲೂ ಆ ಪೆಟ್ಟಿಗೆ ಇರಲಿಲ್ಲ. ಅಂಥ ದಿನಗಳಲ್ಲಿ ದುರ್ಗದಬೈಲಿನ ಹಿಂದಿನ ಓಣಿಯ ನಮ್ಮ ಅಡುಗೆಮನೆ, ನನ್ನ ಎರಡು ಕೈ ಮತ್ತು ನನ್ನ ಹರಕು ಬಾಯಿ ಸೇರಿ ಹೊರದೇಶದ ದೊಡ್ಡದೊಂದು ಉತ್ಸವದಲ್ಲಿ ಬಹುಮಾನ ಹೊಡೆದವು. ಆ ಬಹುಮಾನದಿಂದ ನನ್ನ ಸಂಸಾರವೇ ಮುಳುಗಿತು ಅಂದುಕೊಂಡಿದ್ದೆ. ಮುಳುಗಲಿಲ್ಲ. ಈಗ ನೆನೆದರೂ ಎದೆಯ ಮೇಲಿನ ಕಲ್ಲು ಇನ್ನೊಮ್ಮೆ ಇಳಿದ ಹಾಗೆ ಆಗುತ್ತದೆ.

ನನ್ನ ತವರು ಧಾರವಾಡ. ಅಪ್ಪ ಶಾಲಾಮಾಸ್ತರರು. ನಾನು ಬಿ.ಎ. ಮೊದಲ ವರ್ಷ ಮುಗಿಸಿದಾಗ ಹುಬ್ಬಳ್ಳಿಯ ಕಾಳುಕಡಿ ವ್ಯಾಪಾರದ ಮನೆತನದಿಂದ ಸಂಬಂಧ ಬಂತು. ಅಪ್ಪನದು ಒಂದೇ ಷರತ್ತು. ವರೋಪಚಾರ ಗಿರೋಪಚಾರ ನಿಮ್ಮ ಇಷ್ಟದಂತೆ ಆಗಲಿ, ಹುಡುಗಿಯ ಓದು ಮಾತ್ರ ನಿಲ್ಲಬಾರದು. ಗಂಡಸರೆಲ್ಲ ಗಂಟಲು ಸರಿಮಾಡಿಕೊಳ್ಳುತ್ತ ಕುಳಿತಾಗ, ಬಾಗಿಲ ಬಳಿಯಿಂದ ನನ್ನ ಅತ್ತೆಯಾಗಲಿದ್ದವರು ಮಾತು ತೆಗೆದರು.

“ಓದಸ್ತೀವ್ರಿ ಮಾಸ್ತರ. ಹುಬ್ಬಳ್ಳಿ ಧಾರವಾಡಕ್ಕ ಏನ ದೂರ ಐತಿ? ಮುಂಜಾನೆ ಗಾಡಿಗೆ ಹೋಗಿ ಸಂಜೀಕ ಬರ್ತಾಳ.”

ಹಿರಿಯರ ಎದುರು ಆಡಿದ ಮಾತು. ಅಪ್ಪ ಅಲ್ಲೇ ಎಲೆಅಡಿಕೆ ಕೊಟ್ಟರು, ಮದುವೆಯಾಯಿತು. ಜೂನ್ ಬಂತು. ಕಾಲೇಜು ಶುರುವಾಯಿತು. ನನ್ನ ಪುಸ್ತಕಗಳು ಟ್ರಂಕಿನಿಂದ ಹೊರಗೇ ಬರಲಿಲ್ಲ. ಇನ್ನೊಂದು ಜೂನ್ ಬಂದು ಹೋಯಿತು. ಯಾರೂ ಬೇಡ ಅನ್ನಲಿಲ್ಲ, ಆದರೆ ಹೋಗು ಅಂತಲೂ ಯಾರೂ ಅನ್ನಲಿಲ್ಲ.

ನಾನು ಸಣ್ಣವಳಿದ್ದಾಗಿನಿಂದ ಮುಂಗೋಪಿ. ಮೂಗಿನ ತುದಿಯಲ್ಲೇ ಸಿಟ್ಟು ಎಂದು ತವರಿನಲ್ಲಿ ಹೆಸರು ಪಡೆದವಳು. ಅಂಥವಳಿಗೆ ಅತ್ತೆಯ ಮುಂದೆ ನಾಲಗೆ ಅಂಟಿಕೊಳ್ಳುತ್ತಿತ್ತು. ಅವರೇನು ಬೈಯುವವರಲ್ಲ. ಬೈದಿದ್ದರೆ ಒಳ್ಳೆಯದಿತ್ತು, ತಿರುಗಿ ಒಂದು ಅಂದು ಮುಗಿಸಬಹುದಿತ್ತು. ಅವರದು ಬೇರೆಯೇ ರೀತಿ. ಬೆಳಗ್ಗೆ ಒಲೆ ಹೊತ್ತಿಸಿದ ಗಳಿಗೆಯಿಂದ ಮಾತು. ತಮ್ಮ ತವರೂರು ಉಪ್ಪಿನಬೆಟಗೇರಿಯ ಹೊಲದ ಸುದ್ದಿ, ಎಮ್ಮೆಯ ಸುದ್ದಿ, ತಂಗಿ ಹಠ ಹಿಡಿದು ಕಿವಿಗೆ ಬುಗುಡಿ ಮಾಡಿಸಿಕೊಂಡ ಸುದ್ದಿ. ಒಂದು ಮುಗಿಯುವುದರೊಳಗೆ ಇನ್ನೊಂದು. ನಡುವೆ ನನ್ನ ಮಾತು ತೂರಿಸಲು ಸಂದೇ ಇರುತ್ತಿರಲಿಲ್ಲ. ಇವತ್ತು ಕೇಳಿಬಿಡುತ್ತೇನೆ ಎಂದು ಹಲ್ಲು ಕಚ್ಚಿ ಕುಳಿತರೆ, ಬೆಟಗೇರಿಯ ಯಾವುದೋ ಎಮ್ಮೆ ಅಡ್ಡ ಬಂದು ಮಲಗುತ್ತಿತ್ತು.

ಹೀಗಿರುವಾಗ ಒಂದು ಬೆಳಗ್ಗೆ ಮೈದುನ ಓಡುತ್ತ ಬಂದ. ಎಂಜಿನಿಯರಿಂಗ್ ಓದುತ್ತಿದ್ದ ಹುಡುಗ, ಇಂಗ್ಲಿಷಿನಲ್ಲಿ ಮಾತಾಡಲು ಯಾರಾದರೂ ಸಿಕ್ಕರೆ ಸಾಕು ಎಂದು ತುದಿಗಾಲಲ್ಲಿ ಇರುತ್ತಿದ್ದವನು. ಅವತ್ತು ಅವನಿಗೆ ಮೂರು ಜನ ಸಿಕ್ಕಿದ್ದರು.

“ಅವ್ವಾ, ಹೊರದೇಶದವ್ರು ಬಂದಾರ. ನಮ್ಮ ಮನ್ಯಾಗ ಜ್ವಾಳದ ರೊಟ್ಟಿ ಮಾಡೂದನ್ನ ಟೆಲಿವಿಜನ್ ಸಲುವಾಗಿ ತಗೀತಾರಂತ!”

“ಅದೇನೋ ಅದು ಟೆಲಿವಿಜನ್ನು?”

“ರೇಡಿಯೋಕ್ಕ ಮುಖ ಬಂದ್ರ ಹೆಂಗಿರ್ತೈತಿ, ಹಂಗ.”

“ರೇಡಿಯೋಕ್ಕ ಮುಖ ಯಾಕ ಬೇಕೋ? ಮುಖ ನೋಡಿದ್ರ ಎಷ್ಟೋ ಮಂದಿ ಹಾಡ ಕೇಳೂ ಮನಸ್ಸ ಹೋಗ್ತೈತಿ,” ಅಂದರು ಅತ್ತೆ. ಅಂದರೂ ಬೇಡವೆನ್ನಲಿಲ್ಲ. ಮನೆಗೆ ಬಂದವರನ್ನು ಹಿಂದೆ ಕಳಿಸುವ ಜನ ಅಲ್ಲ ನಮ್ಮವರು.

ಬಂದವರು ಒಬ್ಬ ಹೆಂಗಸು, ಒಬ್ಬ ಕ್ಯಾಮೆರಾದವನು, ಕಿವಿಗೆ ಬಟ್ಟಲು ಕಟ್ಟಿಕೊಂಡಂತಿದ್ದ ಒಬ್ಬ ಧ್ವನಿ ಹಿಡಿಯುವವನು. ಜೊತೆಗೆ ಮುಂಬಯಿಯಿಂದ ಕರೆತಂದ ದುಭಾಷಿ. ಅವನಿಗೆ ಮರಾಠಿ ಹಿಂದಿ ಬರುತ್ತಿತ್ತು, ಕನ್ನಡದ ಗಂಧವಿರಲಿಲ್ಲ. ಬೇರೆ ಬೇರೆ ದೇಶಗಳ ಮನೆಗಳಲ್ಲಿ ದಿನದ ರೊಟ್ಟಿ ಹೇಗೆ ಮಾಡುತ್ತಾರೆ ಎಂಬುದನ್ನು ಹಿಡಿದು ಒಂದು ಕಾರ್ಯಕ್ರಮ ಮಾಡುತ್ತಿದ್ದರು. ಗೋಧಿಯ ರೊಟ್ಟಿ ಎಲ್ಲ ಕಡೆ ಸಿಕ್ಕಿತ್ತಂತೆ. ಕೈಯಲ್ಲಿ ಬಡಿದು ಮಾಡುವ ಜೋಳದ ರೊಟ್ಟಿಯ ಸದ್ದು ಅವರಿಗೆ ಬೇಕಾಗಿತ್ತು.

ತಕರಾರು ಬಂದದ್ದು ಅಡುಗೆಮನೆಯ ಬಾಗಿಲಲ್ಲಿ. “ಮಾಂಸ ತಿನ್ನೂ ಮಂದಿ. ಪಡಸಾಲ್ಯಾಗ ಕೂಡ್ಲಿ, ಉಣ್ಲಿ, ಮಕ್ಕೊಳ್ಳಿ. ಒಲಿ ತನಕ ಬ್ಯಾಡ,” ಅಂದವರೇ ಅತ್ತೆ ರಂಗೋಲಿ ಹಿಟ್ಟು ತಂದು ಹೊಸ್ತಿಲ ಒಳಗೆ ಈ ಗೋಡೆಯಿಂದ ಆ ಗೋಡೆಗೆ ನೆಟ್ಟಗೆ ಒಂದು ಗೆರೆ ಎಳೆದರು. ಗೆರೆಯ ಆಚೆಗೆ ಕ್ಯಾಮೆರಾ, ಈಚೆಗೆ ನಾನು ಮತ್ತು ಒಲೆ. ಆ ಹೆಂಗಸು ಇದೇನು ಎಂದು ಕೇಳಿದಳು. ಮೈದುನ ಕಿವಿವರೆಗೆ ಕೆಂಪಾಗಿ, ಇದು ಅತಿಥಿಗಳಿಗೆ ನಾವು ಮಾಡುವ ಶೃಂಗಾರ ಎಂದು ಏನೋ ಒದರಿದ. ಅವಳಿಗೆ ಎಷ್ಟು ಖುಷಿಯಾಯಿತೆಂದರೆ ಮೊದಲು ಆ ಗೆರೆಯದೇ ಚಿತ್ರ ತೆಗೆಸಿದಳು.

ಗೆರೆ ದಾಟುವಂತಿಲ್ಲವಾದ್ದರಿಂದ ಮೈಕನ್ನು ನನ್ನ ಕೈಗೇ ಕೊಟ್ಟರು. ಎಲ್ಲಿಡಲಿ? ತುಪ್ಪದ ಗಡಿಗೆ ತೂಗುಹಾಕುವ ನೆಲುವಿನಲ್ಲಿ ಇಟ್ಟೆ. ತಲೆಯ ಮೇಲೆ ಕುಳಿತ ಅದು ಎರಡು ರೊಟ್ಟಿ ಆಗುವುದರೊಳಗೆ ಮರೆತೇ ಹೋಯಿತು.

ರೊಟ್ಟಿ ಬಡಿಯುವಾಗ ಹಾಡುತ್ತೀರಾ ಎಂದು ಕೇಳಿದರು. ನನ್ನ ಹಾಡು ಕೇಳಿದರೆ ಹಂಚಿನ ಮೇಲಿನ ರೊಟ್ಟಿ ಉಬ್ಬುವುದಿಲ್ಲ, ಇಲ್ಲ ಅಂದೆ. ಹೆಂಗಸು ಏನೋ ಹೇಳಿದಳು, ಮೈದುನ ತಿಳಿಸಿದ.

“ವೈನಿ, ಸುಮ್ನ ಏನರ ಮಾತಾಡ್ರಿ ಅಂತಾಳ. ಏನಂದ್ರೂ ನಡೀತೈತಿ. ಆಮ್ಯಾಲೆ ಅವ್ರ ಭಾಷಾದ ಮಾತು ಮ್ಯಾಲೆ ಕೂಡಸ್ತಾರಂತ. ನಿಮ್ಮ ಮಾತು ಯಾರಿಗೂ ಕೇಳೂದಿಲ್ಲ.”

ಅಷ್ಟು ಹೇಳಿ ಅವನು ಓಣಿಯ ಸದ್ದು ನಿಲ್ಲಿಸಲು ಹೊರಗೆ ಹೋದ. ಅತ್ತೆ ಹೊರಬಾಗಿಲಲ್ಲಿ ನಿಂತು, ಇಣುಕುವ ನೆರೆಮನೆಯವರನ್ನೆಲ್ಲ ತುಟಿಯ ಮೇಲೆ ಬೆರಳಿಟ್ಟು ಸುಮ್ಮನಿರಿಸುತ್ತಿದ್ದರು. ನನ್ನ ಹತ್ತಿರ ಕನ್ನಡ ಬಲ್ಲ ಒಂದು ಪಿಳ್ಳೆಯೂ ಇರಲಿಲ್ಲ. ಇಡೀ ಮನೆ ಮೊದಲ ಸಲ ಅಷ್ಟು ನಿಶ್ಶಬ್ದವಾಗಿತ್ತು. ಬೆಟಗೇರಿಯ ಎಮ್ಮೆಯೂ ಇಲ್ಲ!

ಮೊದಲು ಹಿಟ್ಟಿನ ಬಗ್ಗೆ ಮಾತಾಡಿದೆ. ಎಸರು ಹೀಗೆ ಕುದಿಯಬೇಕು, ಹಿಟ್ಟು ಹೀಗೆ ನಾದಬೇಕು ಎಂದೆ. ಆಮೇಲೆ ಅದ್ಯಾವಾಗ ಹಿಟ್ಟು ಬಿಟ್ಟು ಹೊಟ್ಟೆಯೊಳಗಿನದಕ್ಕೆ ಕೈಹಾಕಿದೆನೋ ಗೊತ್ತಾಗಲಿಲ್ಲ. ಗಂಡನ ಮೇಲಿನ ದೂರು ಹೇಳಿದೆ, ಅತ್ತೆಯ ಮೇಲಿನ ದೂರು ಹೇಳಿದೆ, ಓದು, ಟ್ರಂಕು, ಎಲ್ಲ ಹೇಳಿದೆ. ಅಂಗೈ ಬಡಿದಂತೆ ಮಾತು ಬರುತ್ತಿತ್ತು. ಗೆರೆಯ ಆಚೆ ಆ ಹೆಂಗಸು ಬಹಳ ಚೆನ್ನಾಗಿದೆ ಎಂಬಂತೆ ತಲೆಯಾಡಿಸುತ್ತಿದ್ದಳು. ಯಾವ ಭಾಷೆಯಲ್ಲಾದರೇನು, ಮದುವೆಯಾದ ಮೇಲೆ ನಾನು ಹೇಳುವುದನ್ನು ಪೂರ್ತಿ ಕೇಳಿದವಳು ಅವಳೊಬ್ಬಳೇ. ಮುಗಿಸಿ ಕೈ ತೊಳೆದಾಗ ಮೈ ಹಗುರವಾಗಿತ್ತು. ಅವತ್ತಿನ ರೊಟ್ಟಿಗಳೂ ಒಂದಕ್ಕಿಂತ ಒಂದು ತೆಳುವಾಗಿ, ಬುಗ್ಗೆಯಂತೆ ಉಬ್ಬಿದ್ದವು. ಬದನೆಕಾಯಿ ಎಣ್ಣೆಗಾಯಿಯ ಜೊತೆ ಅವರು ಹೊಟ್ಟೆ ತುಂಬ ತಿಂದು, ಖಾರಕ್ಕೆ ಕಣ್ಣೀರು ಸುರಿಸಿ, ಮೊಸರು ಕುಡಿದು ಹೋದರು.

ಹೋದರು, ಮುಗಿಯಿತು ಅಂದುಕೊಂಡೆ. ವರ್ಷ ಕಳೆಯುವುದರೊಳಗೆ ಆ ದುಭಾಷಿ ಮತ್ತೆ ಬಂದು ನಮ್ಮ ಪಡಸಾಲೆಯಲ್ಲಿ ಕುಳಿತ. ಬರುವಾಗ ಹಾರ ತಂದಿದ್ದ. ಅತ್ತೆ ಚಹಾ ಕೊಟ್ಟರು. ಅವನು ಹೇಳಿದ್ದನ್ನು ಮೈದುನ ಕನ್ನಡಕ್ಕೆ ಇಳಿಸಿದ. ಹೊರದೇಶದಲ್ಲಿ ವರ್ಷಕ್ಕೊಮ್ಮೆ ಒಳ್ಳೆಯ ಟೆಲಿವಿಷನ್ ಕಾರ್ಯಕ್ರಮಗಳದೇ ಒಂದು ಅಂತರರಾಷ್ಟ್ರೀಯ ಉತ್ಸವ ನಡೆಯುತ್ತದೆ, ಹತ್ತಾರು ದೇಶದವರು ತಾವು ಮಾಡಿದ್ದರಲ್ಲಿ ಉತ್ತಮವಾದದ್ದನ್ನು ಆರಿಸಿ ಕಳಿಸುತ್ತಾರೆ, ಬಲ್ಲವರು ಕುಳಿತು ನೋಡಿ ಬಹುಮಾನ ಕೊಡುತ್ತಾರೆ. ಈ ಸಲ ರೊಟ್ಟಿಯ ಕಾರ್ಯಕ್ರಮಕ್ಕೆ ಬಹುಮಾನ ಬಂದಿದೆ. ಅದಕ್ಕಿಂತ ಹೆಚ್ಚಿನ ಸಂಗತಿ, ಬಹುಮಾನ ಬಂದ ಕಾರ್ಯಕ್ರಮಗಳ ಸುರುಳಿಗಳನ್ನು ಊರೂರಿಗೆ ಒಯ್ದು ಪರದೆಯ ಮೇಲೆ ತೋರಿಸುತ್ತಿದ್ದಾರೆ, ಬರುವ ಭಾನುವಾರ ಹುಬ್ಬಳ್ಳಿಯಲ್ಲಿ.

ಅತ್ತೆಯ ಮುಖ ಅರಳಿತು. ನನ್ನದೂ ಅರಳಿತ್ತು, ಅವನ ಮುಂದಿನ ಮಾತು ಕೇಳುವವರೆಗೆ.

“ವೈನಿ, ನಿಮ್ಮ ಮಾತಿನ ಮ್ಯಾಲೆ ಅವ್ರು ತಮ್ಮ ಭಾಷಾ ಕೂಡಿಸೇ ಇಲ್ಲಂತ!” ಮೈದುನ ಹಿಗ್ಗಿನಲ್ಲಿ ಕೂಗಿದ. “ಅಲ್ಲಿ ಓದಾಕ ಹೋದ ನಮ್ಮ ಕಡೆ ಹುಡುಗನೊಬ್ಬನ್ನ ಹಿಡದು ಅರ್ಥಾ ಮಾಡ್ಸಿ, ಕೆಳಗ ಅಕ್ಷರ ಬರದಾರಂತ. ಮಾತು ನಿಮ್ಮದ, ಇದ್ದದ್ದು ಇದ್ಹಂಗ ಐತಂತ. ಉಳದ ದೇಶದಾಗ ಬರೇ ರೊಟ್ಟಿ ಇತ್ತು, ಇಲ್ಲಿ ರೊಟ್ಟಿ ಮಾಡಾಕಿ ಇದ್ದಾಳ ಅಂತ ಹೇಳಿ ಬಹುಮಾನ ಕೊಟ್ರಂತ!”

ಅಯ್ಯೋ ಶಿವನೇ! ನನ್ನ ಅತ್ತೆಗೆ ಹೇಳಲಾಗದ ಮಾತು ಯಾವುದೋ ದೇಶದ ದೊಡ್ಡವರಿಗೆಲ್ಲ ಗೊತ್ತಾಗಿತ್ತು. ಅವರು ಅದನ್ನು ಮೆಚ್ಚಿ ಚಪ್ಪಾಳೆ ಬೇರೆ ತಟ್ಟಿದ್ದರು.

“ಅಂಥಾದ್ದೇನ ಹೇಳಿದಿ ಯವ್ವಾ?” ಅತ್ತೆ ನನ್ನ ಕಡೆ ತಿರುಗಿದರು.

“ರೊಟ್ಟಿ ಹೆಂಗ ಮಾಡೂದು ಅಂತ ಹೇಳಿದ್ನಿರಿ,” ಅಂದೆ. ಪೂರ್ತಿ ಸುಳ್ಳೇನೂ ಅಲ್ಲ, ಶುರುವಿಗೆ ಅದನ್ನೇ ಹೇಳಿದ್ದೆ.

ಅತ್ತೆ ಓಣಿಯಲ್ಲೆಲ್ಲ ಪೇಢೆ ಹಂಚಿದರು. ನನ್ನ ಸೊಸಿ ರೊಟ್ಟಿ ಮಾಡೂದನ್ನ ಹೇಳಿದ ರೀತಿಗೆ ಜಗತ್ತ ಬಹುಮಾನ ಕೊಟ್ಟೈತಿ ಎಂದು ಸಂತೆಪೇಟೆಯಲ್ಲಿ ಸಿಕ್ಕವರಿಗೆಲ್ಲ ಹೇಳಿದರು. ಅಷ್ಟಕ್ಕೇ ಬಿಡಲಿಲ್ಲ, ಬೆಟಗೇರಿಗೆ ಹೇಳಿಕಳಿಸಿ ತಂಗಿಯನ್ನೂ ತವರಿನ ಹೆಂಗಸರನ್ನೂ ಕರೆಸಿಕೊಂಡರು. ಒಬ್ಬೊಬ್ಬರು ಬಂದು ನನ್ನ ಗಲ್ಲ ಹಿಡಿದು ನೆಟಿಕೆ ಮುರಿಯುವಾಗ ನನಗೆ ನೆಲ ಬಿರಿದು ನುಂಗಬಾರದೇ ಅನ್ನಿಸುತ್ತಿತ್ತು.

ಗಂಡನಿಗೆ ಹೇಳಿದೆ. ಹೇಳದೆ ಇನ್ನೇನು ಮಾಡಲಿ? ಹಿತ್ತಿಲಲ್ಲಿ ಮೆಣಸಿನಕಾಯಿ ಹರವುವ ನೆವ ಮಾಡಿ ಕರೆದು ಎಲ್ಲ ಒಪ್ಪಿಸಿದೆ. ಅವರು ಸಾವಕಾಶ ಕೇಳಿದರು.

“ನನ್ನ ಬಗ್ಗೆನೂ ಏನರ ಅಂದೀಯೇನು?”

“ಅವ್ವನ ಮುಂದ ಬೆಕ್ಕಿನಂಗ ಕೂಡ್ತಾರ ಅಂದೇನ್ರಿ.”

ಅವರು ಎರಡು ಮೆಣಸಿನಕಾಯಿ ಮಗುಚಿ ಹಾಕಿದರು. “ಬೆಕ್ಕು ಅಂದ್ಯೋ, ಇಲಿ ಅಂದ್ಯೋ?”

“ಬೆಕ್ಕು.”

“ಹಂಗಾದ್ರ ಅಡ್ಡಿ ಇಲ್ಲ ಬಿಡು,” ಅಂದರು. ಇಂಥ ಮನುಷ್ಯನ ಮೇಲೆ ಸಿಟ್ಟು ಮಾಡುವುದಾದರೂ ಹೇಗೆ? ಅವ್ವನನ್ನು ಹೇಗಾದರೂ ಮಾಡಿ ತಡೆಯಿರಿ ಅಂದೆ. ಥೇಟರಿನಲ್ಲಿ ಹೆಂಗಸರಿಗೆ ಜಾಗ ಸಾಲದಂತೆ ಎಂದು ಅವರು ಅವ್ವನ ಮುಂದೆ ಮೆಲ್ಲಗೆ ಹೇಳಿ ನೋಡಿದರು. “ನಾ ಚಾಪಿ ಒಯ್ತೇನಿ,” ಅಂದರು ಅತ್ತೆ. ಭಾನುವಾರ ಬೆಳಗ್ಗೆ ನಾನು ಜ್ವರ ಬಂತೆಂದು ಮಲಗಿದೆ. “ಕಂಬಳಿ ಹೊತಗೊಂಡ ಬಾ. ಬಹುಮಾನ ತಗೊಂಡಾಕಿ ನೀನ, ನೀನ ಇಲ್ಲಾಂದ್ರ ಹೆಂಗ?” ಅಂದರು. ನನ್ನ ಹಣೆ ಮುಟ್ಟಿ ನೋಡುವ ಗೋಜಿಗೂ ಹೋಗಲಿಲ್ಲ.

ಮಧ್ಯಾಹ್ನ ಎಲ್ಲರೂ ಹೊರಟೆವು. ಅತ್ತೆ ಪೆಟ್ಟಿಗೆಯಲ್ಲಿದ್ದ ಇಳಕಲ್ ಸೀರೆ ಉಟ್ಟಿದ್ದರು. ನಾಟಕದ ಥೇಟರು ಕಿಕ್ಕಿರಿದಿತ್ತು, ಹೆಂಗಸರು ಒಂದು ಕಡೆ, ಗಂಡಸರು ಇನ್ನೊಂದು ಕಡೆ. ನನ್ನ ಒಂದು ಪಕ್ಕ ಅತ್ತೆ, ಅವರ ಆಚೆ ಅವರ ತಂಗಿ, ಬೆಟಗೇರಿಯ ಚಿಗವ್ವ, ಹಿಂದಿನ ಸಾಲಿನ ತುಂಬ ಅವರ ತವರು.

ಮೊದಲು ತೋರಿಸಿದ್ದು ಸಮುದ್ರದ ನಡುವೆ ದೀಪಸ್ತಂಭ ಕಾಯುವ ಒಬ್ಬ ಮುದುಕನ ಕಥೆ. ಅವನು ಮೆಟ್ಟಿಲು ಹತ್ತುತ್ತಾನೆ, ಗಾಜು ಒರೆಸುತ್ತಾನೆ, ಇಳಿದು ಬಂದು ಚಹಾ ಕಾಸಿಕೊಳ್ಳುತ್ತಾನೆ. ಹಾಡಿಲ್ಲ, ಹೊಡೆದಾಟವಿಲ್ಲ. ಗಂಡಸರ ಕಡೆ ಆಕಳಿಕೆ ಶುರುವಾಯಿತು. ಹೆಂಗಸರು ಮಾತ್ರ ಕಣ್ಣು ಕೀಳದೆ ನೋಡಿದರು. “ಪಾಪ, ಒಬ್ಬನ ಕುಂತು ಕುಡೀತಾನಲ್ಲ,” ಎಂದು ಹಿಂದಿನಿಂದ ಯಾರೋ ಲೊಚಗುಟ್ಟಿದರು. ಧ್ವನಿ ನಡುನಡುವೆ ಕರಕರ ಅನ್ನುತ್ತಿತ್ತು. ಯಂತ್ರ ಪೂರ್ತಿ ಕೆಟ್ಟು ಮೂಕವಾಗಲಪ್ಪಾ ಎಂದು ನಾನು ಎಲ್ಲ ದೇವರಿಗೂ ಬೇಡಿಕೊಂಡೆ. ದೇವರು ಕೇಳಲಿಲ್ಲ. ನಮ್ಮ ಸುರುಳಿ ಏರಿಸುವ ಹೊತ್ತಿಗೆ ಧ್ವನಿ ಗಂಟೆಯಷ್ಟು ಸ್ಪಷ್ಟವಾಯಿತು.

ಬೆಟ್ಟದ ದೇಶವೊಂದರಲ್ಲಿ ದಿಂಬಿನಂಥ ರೊಟ್ಟಿ ಸುಡುವ ಮನೆ ಬಂತು. ಮರಳಿನ ದೇಶದ ಮನೆ ಬಂತು. ಆಮೇಲೆ ಒಂದು ಬಿಳಿಯ ಗೆರೆ, ಆ ಗೆರೆಯ ಆಚೆ ನಮ್ಮ ಒಲೆ. “ನಮ್ಮ ಮನಿ! ನಮ್ಮ ಮನಿ!” ಎಂದು ಬೆಟಗೇರಿಯ ಸಾಲು ಎದ್ದು ನಿಂತಿತು. ನನ್ನ ಕೈಗಳು ಪರದೆಯ ತುಂಬ ಆಗಿ ಬಂದವು. ಪಟಪಟ ರೊಟ್ಟಿ ಬಡಿಯುವ ಸದ್ದಿಗೆ ಇಡೀ ಥೇಟರು ಸುಮ್ಮನಾಯಿತು. ಹೊರದೇಶದ್ದೆಲ್ಲ ನೋಡಿ ದಣಿದವರಿಗೆ ತಮ್ಮ ಮನೆಯ ಸದ್ದು ಕೇಳಿತ್ತು. ಆ ಸದ್ದಿನ ನಡುವೆ ನನ್ನ ಧ್ವನಿ.

“ನಾ ಮಾಸ್ತರ ಮಗಳ್ರಿ. ರೊಟ್ಟಿ ಮಾಡಾಕ ನನಗ ಬ್ಯಾಸರಿಲ್ಲ, ಹಿಟ್ಟಿನ ಮ್ಯಾಲೆ ಸಿಟ್ಟಿಲ್ಲ. ನಮ್ಮನಿಯವ್ರು ಭಾಳ ಛಲೋ ಮನಶ್ಯಾ. ಆದ್ರ ಅವ್ವನ ಮುಂದ ಬೆಕ್ಕಿನಂಗ. ಹಾಲ ಹಾಕಿದ್ರ ಕುಡೀತಾರ, ಮಿಯಾಂವ್ ಅನ್ನೂದಿಲ್ಲ.”

ಥೇಟರು ಘೊಳ್ಳೆಂದು ನಕ್ಕಿತು. ಗಂಡಸರ ಕಡೆಯಿಂದ ಯಾರೋ “ಮಿಯಾಂವ್” ಅಂದರು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಕಿವಿ ಮುಚ್ಚಿಕೊಳ್ಳಲು ಕೈ ಉಳಿಯಲಿಲ್ಲ.

“ನಮ್ಮ ಅತ್ತಿಯವ್ರು ಲಗ್ನದ ಮಾತುಕತಿಯಾಗ ಓದಸ್ತೀವಿ ಅಂದ್ರು. ಹಿರ್ಯಾರ ಮುಂದ ಅಂದ್ರು. ಈಗ ಹೊಲದ ಸುದ್ದಿ ಹೇಳ್ತಾರ, ಎಮ್ಮಿ ಸುದ್ದಿ ಹೇಳ್ತಾರ, ಆ ಒಂದು ಸುದ್ದಿ ಹೇಳೂದಿಲ್ಲ. ಮರತಾರೋ, ಮರತವ್ರಂಗ ಮಾಡ್ಯಾರೋ, ಆ ಶಿವಗ ಗೊತ್ತು. ಕೆಟ್ಟವ್ರಲ್ಲ. ಆದ್ರ ನನಗ ಕೇಳಾಕ ಅಂಜಿಕಿ ಬರ್ತೈತಿ. ನಿಮಗ ತಿಳಿಯೂದಿಲ್ಲ ಅಂತ ನಿಮ್ಮ ಮುಂದ ಹೇಳಾಕತ್ತೇನಿ. ನನಗ ಕಾಲೇಜಿಗೆ ಹೋಗೂದೈತಿ. ಹೋಗೂದೈತ್ರಿ ನನಗ.”

ಈ ಸಲ ಯಾರೂ ನಗಲಿಲ್ಲ. ಪರದೆಯ ಮೇಲೆ ನಾನು ಹಂಚಿಗೆ ರೊಟ್ಟಿ ಹಾಕಿ ನೀರು ಸವರುತ್ತಿದ್ದೆ, ಚುರ್ ಅನ್ನುವ ಸದ್ದು ಕೊನೆಯ ಸಾಲಿನವರೆಗೆ ಕೇಳಿರಬೇಕು. ಮುಗಿಯಿತು, ನಾಳೆ ನನ್ನ ಟ್ರಂಕ್ ಸಮೇತ ಧಾರವಾಡದ ಬಸ್ಸು ಹತ್ತಿಸುತ್ತಾರೆ, ಓದಲಿಕ್ಕಲ್ಲ, ಬಿಟ್ಟುಬರಲಿಕ್ಕೆ. ಅಪ್ಪನ ಮುಖ ಕಣ್ಮುಂದೆ ಬಂತು.

“ಅಕ್ಕಾ, ಕೇಳಿದ್ಯಾ?” ಚಿಗವ್ವ ಪಿಸುಗುಡುವ ಜನ ಅಲ್ಲ. “ಮಂದ್ಯಾಗ ನಿನ್ನ ಮಾನ ತಗದ್ಲಲ್ಲ ನಿನ್ನ ಸೊಸಿ!”

ಅತ್ತೆ ಸರಕ್ಕನೆ ತಂಗಿಯ ಕಡೆ ತಿರುಗಿದರು. ಅವರ ಬಳೆಯ ಸದ್ದು ಕೇಳಿ ನಾನು ಹೊಡೆತ ಬಿತ್ತು ಎಂದೇ ಕುಗ್ಗಿದೆ.

“ಏ, ಸುಮ್ನ ಕೂಡ ನೀ. ಅದರಾಗ ಒಂದ ಮಾತು ಸುಳ್ಳಿದ್ರ ತೋರಸು. ಹಿರ್ಯಾರ ಮುಂದ ಅಂದಾಕಿ ನಾನು, ಅಂದದ್ದನ್ನ ನಡಸದ ಬಿಟ್ಟಾಕಿನೂ ನಾನ. ಮಾನ ಹೋಗಿದ್ರ ನನ್ನ ಬಾಯಿಂದ ಹೋಗೇತಿ, ಆಕಿ ಬಾಯಿಂದ ಹೋಗಿಲ್ಲ.”

ಅಷ್ಟು ಗಟ್ಟಿಯಾಗಿ ಹೇಳಿದರು. ಮುಂದಿನ ಸಾಲುಗಳೆಲ್ಲ ಹಿಂದೆ ತಿರುಗಿ ನೋಡಿದವು. ಅದೇ ಹೊತ್ತಿಗೆ ಪರದೆಯ ಮೇಲೆ ರೊಟ್ಟಿ ಉಬ್ಬಿ ಚೆಂಡಿನಂತಾಯಿತು, ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ನಾನು ಸೆರಗು ತೆಗೆದು ಉಸಿರು ಬಿಟ್ಟೆ. ಆ ಒಂದು ಉಸಿರಿನಲ್ಲಿ ಎರಡು ವರ್ಷದ ಹೆದರಿಕೆ ಹೊರಗೆ ಹೋಯಿತು. ಅತ್ತೆ ನನ್ನ ಕಡೆ ನೋಡಲಿಲ್ಲ. ನನ್ನ ಮೊಣಕಾಲ ಮೇಲಿದ್ದ ಕಂಬಳಿ ಜಾರಿತ್ತು, ಅದನ್ನು ಮೇಲೆ ಎಳೆದು ಹಾಕಿದರು.

ಆಟ ಮುಗಿದ ಮೇಲೆ ಬೆಟಗೇರಿಯವರು ಬಸ್ಸಿಗೆ ಹೋದರು. ಗಂಡಸರು ನಡೆದುಕೊಂಡು ಬರುತ್ತೇವೆ ಅಂದರು. ಜನರೆಲ್ಲ ನನ್ನ ಗಂಡನನ್ನೇ ನೋಡಿ ನಗುತ್ತಿದ್ದರು, ಅವರೂ ನಗುತ್ತಿದ್ದರು. ಟಾಂಗಾದಲ್ಲಿ ನಾವಿಬ್ಬರೇ ಕುಳಿತೆವು, ಅತ್ತೆ ಮತ್ತು ನಾನು. ಮೊದಲ ಸಲ ಅವರು ಮಾತಾಡದೆ ಕುಳಿತಿದ್ದರು. ಸಂದು ಸಿಕ್ಕಿತ್ತು, ಈಗ ನನಗೇ ಮಾತು ಸಿಗುತ್ತಿರಲಿಲ್ಲ. ಕಡೆಗೆ ಅವರೇ ಶುರು ಮಾಡಿದರು.

“ಅಷ್ಟ ದೂರದ ಮಂದಿಗೆ ಹೇಳಿದಿ. ನಾ ಹೊರಬಾಗಲಾಗ ನಿಂತಿದ್ನಿ.”

“ತಪ್ಪಾತ್ರಿ ಅತ್ತೀ,” ಅಂದೆ. ಹಾಗನ್ನುವುದು ರೂಢಿ, ಅಂದೆ. ತಪ್ಪಾಯಿತೆಂದು ಒಳಗೆ ಅನ್ನಿಸಿರಲಿಲ್ಲ.

“ನಿಂದೇನ ತಪ್ಪು? ಮರತಾರೋ, ಮರತವ್ರಂಗ ಮಾಡ್ಯಾರೋ ಅಂದಿ. ಕೇಳು ಹಂಗಾರ. ಮರತಿಲ್ಲ. ಒಂದ ದಿನಾನೂ ಮರತಿಲ್ಲ.” ಅವರು ಟಾಂಗಾದ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದಿದ್ದರು. “ನಾ ಈ ಮನಿಗೆ ಬಂದಾಗಿಂದ ಒಲಿ ಮುಂದ ಒಬ್ಬಾಕೀನ. ಗಂಡಸ್ರು ಅಂಗಡಿಗೆ ಹೋದ್ರಂದ್ರ ಸಂಜಿ ತನಕ ಗ್ವಾಡಿ ನೋಡ್ಕೋತ ಕೂಡೂದು. ಹೆಣ್ಣ ಮಕ್ಕಳು ಹುಟ್ಟಲಿಲ್ಲ. ನೀ ಬಂದಿ, ನನಗ ಮಾತಾಡಾಕ ಒಂದು ಜೀವ ಸಿಕ್ತು. ನೀ ಬಾಯಿ ತಗದ್ರ ಕಾಲೇಜಿನ ಮಾತು ಬರ್ತೈತಿ ಅಂತ ಅಂಜಿ, ನಿನಗ ಬಾಯಿ ತಗ್ಯಾಕ ಬಿಡದ ಹೇಳಿದ್ದ ಹೇಳ್ತಿದ್ನಿ. ಖರೇ ಹೇಳಲೇನು? ಆ ಎಮ್ಮಿ ಸುದ್ದಿ ನನಗೂ ಬ್ಯಾಸರಾಗಿತ್ತು.”

ನನಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು. ಟಾಂಗಾದವನು ತಿರುಗಿ ನೋಡುವಷ್ಟು ಜೋರಾಗಿ ಅತ್ತುಬಿಟ್ಟೆ. ನಾನು ಹೆದರಿದ್ದ ಹೆಂಗಸು ನನಗಿಂತ ಹೆಚ್ಚು ಹೆದರಿದ್ದಳು. ಒಂದೇ ಒಲೆಯ ಮುಂದೆ ಕುಳಿತು, ಒಂದೇ ಮಾತಿಗೆ ಇಬ್ಬರೂ ಅಂಜಿಕೊಂಡು ಎರಡು ವರ್ಷ ಕಳೆದಿದ್ದೆವಲ್ಲ! ಅವರ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ ಅಂದರೆ ಸುಳ್ಳಾಗುತ್ತದೆ, ಸ್ವಲ್ಪ ಬಂತು, ಆಮೇಲೆ ಹೋಯಿತು.

“ಸಂಜೀಕ ಬರ್ತೇನಲ್ರಿ ಅತ್ತೀ,” ಅಂದೆ. “ದಿನಾ ಸಂಜೀಕ ಬಂದ ಬರ್ತೇನ್ರಿ.”

ಅವರು ತಲೆಯಾಡಿಸಿದರು. ಕಣ್ಣು ಒರೆಸಿಕೊಳ್ಳಲಿಲ್ಲ, ಗಾಳಿಗೆ ಬಿಟ್ಟರು.

ಜೂನಿನಲ್ಲಿ ನನ್ನ ಗಂಡ ನನ್ನನ್ನು ಕರೆದುಕೊಂಡು ಹೋಗಿ ಕಾಲೇಜಿಗೆ ಹೆಸರು ಹಚ್ಚಿ ಬಂದರು. ಅಪ್ಪ ಅಲ್ಲಿಗೇ ಬಂದಿದ್ದರು. ಅಳಿಯನ ಅಂಗಿಯ ಮೇಲೆ ಇಲ್ಲದ ಧೂಳನ್ನು ಎರಡು ಸಲ ಜಾಡಿಸಿದರು. ಮೊದಲ ದಿನ ಮುಗಿಸಿ ರೈಲಿಳಿದು ಮನೆಗೆ ಬಂದಾಗ ನನಗೆ ದಾರಿಯುದ್ದಕ್ಕೂ ಇದ್ದ ಅಳುಕು ಒಂದೇ. ಬೆಳಗಿನಿಂದ ಒಬ್ಬರೇ ದುಡಿದ ಅತ್ತೆ ಮುಖ ಗಂಟುಹಾಕಿಕೊಂಡಿರುತ್ತಾರೋ ಏನೋ ಎಂದು. ಅವರು ಎರಡು ಲೋಟ ಚಹಾ ಸೋಸಿಟ್ಟುಕೊಂಡು ಹೊಸ್ತಿಲಲ್ಲೇ ಕಾಯುತ್ತಿದ್ದರು. ಚಪ್ಪಲಿ ಬಿಡುವುದರೊಳಗೆ ಶುರು.

“ಹೂಂ, ಹೇಳು. ಯಾರ ಕಲಿಸಿದ್ರು, ಏನ ಕಲಿಸಿದ್ರು, ಬಾಜೂಕ ಯಾರ ಕುಂತಿದ್ರು? ಏನೂ ಬಿಡಬ್ಯಾಡ.”

ನಾನು ಹೇಳತೊಡಗಿದೆ. ರೈಲಿನಲ್ಲಿ ಜಗಳವಾಡಿದ ಮುದುಕಿಯಿಂದ ಹಿಡಿದು, ಪಾಠ ಮಾಡುತ್ತ ಸೀಮೆಸುಣ್ಣವನ್ನು ಕೋಟಿನ ಜೇಬಿಗೆ ಹಾಕಿಕೊಂಡ ಪ್ರೊಫೆಸರರವರೆಗೆ ಎಲ್ಲ ಹೇಳಿದೆ. ಅತ್ತೆ ನಡುವೆ ಒಂದು ಮಾತನ್ನೂ ಆಡಲಿಲ್ಲ. ಚಹಾ ಆರಿತು, ದೀಪ ಹಚ್ಚಿದೆವು, ಹೇಳುವುದು ಮುಗಿಯಲಿಲ್ಲ. ಅಂಗಡಿ ಮುಚ್ಚಿ ಬಂದ ನನ್ನ ಗಂಡ ಕೈಕಾಲು ತೊಳೆದು, ಮಣೆ ಹಾಕಿಕೊಂಡು ಕುಳಿತು, ಹಸಿವಾಗೈತಿ ಅಂದರು. ನಾನು ಏಳಲು ಹೋದೆ. ಅತ್ತೆ ನನ್ನ ಕೈ ಹಿಡಿದು ಕೂರಿಸಿದರು.

“ರೊಟ್ಟಿ ಬುಟ್ಟ್ಯಾಗ ಅದಾವು, ನೀನ ಬಡಸ್ಕೋ,” ಎಂದು ಮಗನಿಗೆ ಹೇಳಿದರು. “ಈಕಿ ಇನ್ನೂ ಹೇಳಾಕತ್ತಾಳ.”